ಹಾರುವ ಮುನ್ನ ಓದುವ ಪಟ್ಟಿ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಈ ನಾಲ್ಕು ತಾಲ್ಲೂಕುಗಳ ವೀಕ್ಷಕರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಆಡುತ್ತಿದ್ದೇನೆ. ವಿಮಾನಕ್ಕೂ ನಮ್ಮೂರಿಗೂ ಏನು ಸಂಬಂಧ ಎಂದು ಕೇಳುವ ಕಾಲ ಹೋಯಿತು. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ 2013ರಿಂದ ಇರುವುದು ಕೆಂಪೇಗೌಡರ ಹೆಸರು. ಅವರ ಸಮಾಧಿ ಇರುವುದು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಬೇಕೆಂಬ ಚರ್ಚೆಯಲ್ಲಿ ಕನಕಪುರ ರಸ್ತೆಯ ಕಡೆಯ ಜಾಗಗಳ ಹೆಸರೂ ಕೇಳಿಬಂದಿದೆ. ಗೊಂಬೆ ವ್ಯಾಪಾರಕ್ಕೆಂದೋ, ರೇಷ್ಮೆ ವ್ಯವಹಾರಕ್ಕೆಂದೋ, ಹೊರದೇಶದಲ್ಲಿರುವ ಮಗಳ ಬಾಣಂತನಕ್ಕೆಂದೋ ವಿಮಾನ ಹತ್ತುವವರು ಈಗ ಊರೂರಲ್ಲೂ ಇದ್ದಾರೆ. ದುಃಖದ ಸಂಬಂಧವೂ ಒಂದಿದೆ. 2009ರಲ್ಲಿ ಬಿಡದಿಯ ಪಕ್ಕದಲ್ಲೇ ಒಂದು ವಿಮಾನ ಬಿದ್ದಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನಾವು ಸಾಮಾನ್ಯವಾಗಿ ಕಾಣುವ ಒಂದು ಸನ್ನಿವೇಶವನ್ನು ನೋಡೋಣ. ವಿಮಾನ ಹೊರಡುವ ಹೊತ್ತು ಮೀರಿ ಅರ್ಧ ಗಂಟೆಯಾಗಿದೆ. ಎಲ್ಲರೂ ಸೀಟಿನಲ್ಲಿ ಕುಳಿತಿದ್ದಾರೆ. ಒಬ್ಬರು ಗಡಿಯಾರ ನೋಡಿಕೊಳ್ಳುತ್ತಾರೆ, ಇನ್ನೊಬ್ಬರು ಗಗನಸಖಿಯನ್ನು ಕರೆದು ಗದರುತ್ತಾರೆ. ಮುಂದಿನ ಮುಚ್ಚಿದ ಬಾಗಿಲಿನ ಆಚೆ ಇಬ್ಬರು ಪೈಲಟ್‌ಗಳು ಕುಳಿತು ಒಂದು ಪಟ್ಟಿಯನ್ನು ಓದುತ್ತಿರುತ್ತಾರೆ. ಅದಕ್ಕೆ ಚೆಕ್‌ಲಿಸ್ಟ್ ಎನ್ನುತ್ತಾರೆ. ನಮ್ಮ ಪ್ರಾಣ ಆ ಹೊತ್ತಿನಲ್ಲಿ ಎಂಜಿನ್ನಿಗಿಂತ ಹೆಚ್ಚಾಗಿ ಆ ಒಂದು ಹಾಳೆಯನ್ನು ನಂಬಿಕೊಂಡಿರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಪಟ್ಟಿ ಬಂದದ್ದು ಒಂದು ಸಾವಿನ ಬೆನ್ನಿಗೆ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ರಾಜ್ಯದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ನಾಲ್ಕು ಎಂಜಿನ್ನಿನ ಹೊಸ ವಿಮಾನ, ಮಾಡೆಲ್ 299, ಪರೀಕ್ಷೆಗೆಂದು ಮೇಲೇರಿತು. ವಿಮಾನ ನೆಲದ ಮೇಲೆ ನಿಂತಿರುವಾಗ ಬಾಲದ ನಿಯಂತ್ರಣ ಹಲಗೆಗಳು ಗಾಳಿಗೆ ಹೊಡೆದಾಡದಿರಲಿ ಎಂದು ಒಂದು ಬೀಗ ಹಾಕುವ ಏರ್ಪಾಡು ಅದರಲ್ಲಿತ್ತು. ಹೊರಡುವಾಗ ಆ ಬೀಗವನ್ನು ತೆಗೆಯುವುದು ಮರೆತುಹೋಯಿತು. ವಿಮಾನ ಮೂತಿಯನ್ನು ಮೇಲಕ್ಕೆತ್ತಿ ಏರಿ, ಹಿಡಿತ ತಪ್ಪಿ, ನೆಲಕ್ಕೆ ಬಿದ್ದು ಉರಿಯಿತು. ಮೇಜರ್ ಪ್ಲಾಯರ್ ಹಿಲ್ ಮತ್ತು ಬೋಯಿಂಗ್ ಕಂಪನಿಯ ಲೆಸ್ಲೀ ಟವರ್ ಎಂಬ ಇಬ್ಬರು ನುರಿತ ಪೈಲಟ್‌ಗಳು ಪ್ರಾಣ ಕಳೆದುಕೊಂಡರು. ಇಷ್ಟು ಜಟಿಲವಾದ ಯಂತ್ರವನ್ನು ನೆನಪಿನ ಬಲದಿಂದಷ್ಟೇ ನಡೆಸಲಾಗದು ಎಂಬುದು ಆಗ ಮನವರಿಕೆಯಾಯಿತು. ಸೈನ್ಯದ ಪೈಲಟ್‌ಗಳೇ ಕೂತು, ಏರುವ ಮುನ್ನ ಏನೇನು, ಇಳಿಯುವ ಮುನ್ನ ಏನೇನು ಎಂದು ಬರೆದಿಟ್ಟುಕೊಂಡರು. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ ಎರಡನೆಯ ಮಹಾಯುದ್ಧದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂದಿನ ಪ್ರಯಾಣಿಕರ ವಿಮಾನದಲ್ಲಿ ಪಟ್ಟಿಯನ್ನು ಓದುತ್ತಾ ಒಂದೊಂದಾಗಿ ಸ್ವಿಚ್ಚು ಹಾಕುವುದಿಲ್ಲ. ಪೈಲಟ್‌ಗಳು ಅಭ್ಯಾಸದ ಕ್ರಮದಲ್ಲಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಾಡಿಸುತ್ತಾ ಎಲ್ಲವನ್ನೂ ಸಿದ್ಧಮಾಡಿಕೊಂಡಿರುತ್ತಾರೆ. ಹಾಗೆ ಮಾಡಿದ್ದರಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಕೆಲವನ್ನು ಮತ್ತೊಮ್ಮೆ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳುವುದಕ್ಕೆ ಇರುವುದು ಪಟ್ಟಿ. ಒಬ್ಬರು ಓದಿ ಕೇಳುತ್ತಾರೆ, ಇನ್ನೊಬ್ಬರು ಆ ಗುಂಡಿಯನ್ನೋ ಮುಳ್ಳನ್ನೋ ನೋಡಿ, ಕಂಡದ್ದನ್ನು ಹೇಳುತ್ತಾರೆ. ನೋಡುವುದು ಮೊದಲು, ಹೇಳುವುದು ಆಮೇಲೆ. ಅವಸರ ಬಂತೆಂದರೆ ಮೊದಲು ಬಿಟ್ಟುಹೋಗುವುದು ಈ ನೋಡುವ ಕೆಲಸ. ಮಾತು ಮಾತ್ರ ಉಳಿಯುತ್ತದೆ.

ನಮ್ಮ ಬಸ್ಸುಗಳಲ್ಲಿ ಇದನ್ನು ದಿನವೂ ಕಾಣಬಹುದು. ಕಂಡಕ್ಟರು ಹಿಂದಿನ ಬಾಗಿಲನ್ನು ನೋಡಿ, ಹತ್ತುವವರು ಹತ್ತಿದರು, ಇಳಿಯುವವರು ಇಳಿದರು ಎಂದು ಕಂಡ ಮೇಲೆ ‘ರೈಟ್’ ಎನ್ನಬೇಕು. ಬಸ್ಸು ತುಂಬಿ ಟಿಕೆಟ್ ಕೊಡುವ ಗಡಿಬಿಡಿಯಲ್ಲಿರುವಾಗ ಅವರ ಕಣ್ಣು ಚಿಲ್ಲರೆಯ ಮೇಲೆ ಇರುತ್ತದೆ, ಬಾಯಿ ತನ್ನಷ್ಟಕ್ಕೆ ‘ರೈಟ್, ರೈಟ್’ ಎನ್ನುತ್ತದೆ. ಡ್ರೈವರಿಗೆ ಕೇಳಿಸುವುದು ಮಾತು ಮಾತ್ರ. ಆ ಮಾತಿನ ಹಿಂದೆ ನೋಟ ಇತ್ತೇ ಇಲ್ಲವೇ ಎಂಬುದು ಅವರಿಗೆ ತಿಳಿಯುವ ಬಗೆಯಿಲ್ಲ. ಕಾಕ್‌ಪಿಟ್‌ನಲ್ಲಿ ಆಗುವುದೂ ಇದೇ.

ಸ್ಪೇನಿನ ಮ್ಯಾಡ್ರಿಡ್‌ನಲ್ಲಿ 2008ರ ಆಗಸ್ಟ್ 20ರಂದು ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಅವಸರ ಹೇಗೆ ಹೆಜ್ಜೆ ಹೆಜ್ಜೆಯಾಗಿ ಕೆಲಸ ಮಾಡುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸ್ಪ್ಯಾನ್‌ಏರ್ ಸಂಸ್ಥೆಯ ಎಂ.ಡಿ.-82 ವಿಮಾನ ಮಧ್ಯಾಹ್ನ ಒಂದು ಗಂಟೆಗೆ ಹೊರಡಬೇಕಿತ್ತು. ಒಮ್ಮೆ ರನ್‌ವೇ ತನಕ ಹೋಯಿತು. ಹೊರಗಿನ ಗಾಳಿಯ ಉಷ್ಣತೆಯನ್ನು ಅಳೆಯುವ ಒಂದು ಸಲಕರಣೆ ತಪ್ಪು ತೋರಿಸುತ್ತಿದೆ ಎಂದು ಅಲ್ಲಿಂದ ಹಿಂದಕ್ಕೆ ಬಂತು. ಮೆಕ್ಯಾನಿಕ್‌ಗಳು ನೋಡಿದರು, ಮತ್ತೆ ಇಂಧನ ತುಂಬಿದರು, ಮತ್ತೆ ಎಲ್ಲ ಮೊದಲಿನಿಂದ. ಬಿರುಬೇಸಿಗೆ. ಒಂದು ಗಂಟೆಗೂ ಮೀರಿ ತಡ. ಎಂಜಿನ್ ಹಚ್ಚಿದ ಮೇಲೆ ಓದುವ ಪಟ್ಟಿಯನ್ನು ಸಹಪೈಲಟ್ ಓದುತ್ತಿದ್ದಾಗ, ಫ್ಲಾಪ್‌ಗಳ ಸಾಲು ಬರುವ ಹೊತ್ತಿಗೆ, ಹೊರಡಲು ಅನುಮತಿ ಕೇಳು ಎಂದು ಕ್ಯಾಪ್ಟನ್ ನಡುವೆ ಹೇಳಿದರು. ಸಹಪೈಲಟ್ ರೇಡಿಯೋದಲ್ಲಿ ಮಾತಾಡಿದರು. ಆ ಸಾಲು ಅಲ್ಲೇ ನಿಂತಿತು. ರನ್‌ವೇ ಮುಟ್ಟುವ ಮುಂಚೆ ಕೊನೆಯ ಪಟ್ಟಿಯಲ್ಲಿ ಫ್ಲಾಪ್‌ನ ಅಂಕಿ ಮತ್ತೊಮ್ಮೆ ಬರುತ್ತದೆ. ಸಹಪೈಲಟ್ ‘ಹನ್ನೊಂದು’ ಎಂದರು. ಇರಬೇಕಾದ ಅಂಕಿ ಹನ್ನೊಂದೇ. ಆದರೆ ಫ್ಲಾಪ್ ಸೊನ್ನೆಯಲ್ಲಿತ್ತು. ತಪ್ಪಿದ್ದರೆ ಕೂಗಿ ಎಚ್ಚರಿಸಬೇಕಾದ ಭೋಂಗಾ ಅಂದು ಕೂಗಲಿಲ್ಲ. ವಿಮಾನದಲ್ಲಿ ಇದ್ದವರು 172 ಮಂದಿ, ಬದುಕಿದವರು 18.

ಈ ಫ್ಲಾಪ್ ಎಂಬುದು ಏನು? ವಿಮಾನದ ರೆಕ್ಕೆಯ ಹಿಂಬದಿಯಲ್ಲಿ ಹೊರಚಾಚಿ ಕೆಳಕ್ಕೆ ಬಾಗುವ ಹಲಗೆಗಳು ಅವು. ಕಿಟಕಿಯ ಪಕ್ಕ ಕುಳಿತವರು ನೋಡಿರುತ್ತೀರಿ. ಅವು ಚಾಚಿದಾಗ ರೆಕ್ಕೆಯ ಅಗಲವೂ ಬಾಗೂ ಹೆಚ್ಚಾಗಿ, ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಬರುತ್ತದೆ. ಅವು ಒಳಗೇ ಇದ್ದರೆ ವಿಮಾನ ರನ್‌ವೇ ಮೇಲೆ ಎಂದಿನಂತೆಯೇ ಓಡುತ್ತದೆ, ಕೊಂಚ ಏರುತ್ತದೆ ಕೂಡ. ಆಮೇಲೆ ಏರಲಾರದು. ನೆಲದ ಮೇಲೆ ಇರುವಷ್ಟು ಹೊತ್ತೂ ಎಲ್ಲವೂ ಸರಿಯಾಗಿದೆ ಎಂದೇ ಕಾಣುವುದು ಇದರ ಅಪಾಯ. ತಪ್ಪಿನ ಅರಿವಾಗುವ ಹೊತ್ತಿಗೆ ತಿದ್ದುವುದಕ್ಕೆ ಸಮಯವಿರುವುದಿಲ್ಲ.

ಇದೇ ರೀತಿ, ಇದೇ ಬಗೆಯ ವಿಮಾನ 1987ರ ಆಗಸ್ಟ್ 16ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬಿದ್ದಿತ್ತು. ಅಲ್ಲೂ ಫ್ಲಾಪ್ ಚಾಚಿರಲಿಲ್ಲ, ಅಲ್ಲೂ ಭೋಂಗಾ ಕೂಗಲಿಲ್ಲ. ಹವಾಮಾನ ಕೆಡುತ್ತಿತ್ತು, ಕೊನೆಯ ಗಳಿಗೆಯಲ್ಲಿ ರನ್‌ವೇ ಬದಲಾಯಿತು, ಹೊಸ ರನ್‌ವೇಗೆ ತಕ್ಕ ಲೆಕ್ಕಗಳನ್ನು ನೋಡಬೇಕಾಯಿತು. ಈ ಗಡಿಬಿಡಿಯಲ್ಲಿ ಆ ಹಂತದ ಪಟ್ಟಿಯನ್ನು ಓದಲೇ ಇಲ್ಲ. ನೆಲದ ಮೇಲಿದ್ದ ಇಬ್ಬರೂ ಸೇರಿ 156 ಮಂದಿ ಸತ್ತರು. ವಿಮಾನದಲ್ಲಿದ್ದವರಲ್ಲಿ ಉಳಿದದ್ದು ನಾಲ್ಕು ವರ್ಷದ ಒಂದು ಮಗು ಮಾತ್ರ.

ಈ ಅಪಘಾತದ ನಂತರವೇ ವಿಜ್ಞಾನಿಗಳು ಪಟ್ಟಿಯ ಕಡೆಗೆ ಗಂಭೀರವಾಗಿ ಗಮನ ಕೊಟ್ಟರು. 1990ರಲ್ಲಿ ಅಸಾಫ್ ದೆಗಾನಿ ಮತ್ತು ಅರ್ಲ್ ವೀನರ್ ಎಂಬ ಇಬ್ಬರು ನಾಸಾ ಸಂಸ್ಥೆಗಾಗಿ ಕಾಕ್‌ಪಿಟ್‌ಗಳಲ್ಲಿ ಕೂತು ನೋಡಿ ಒಂದು ವರದಿ ಬರೆದರು. ಪೈಲಟ್ ಸ್ವಿಚ್ಚಿನ ಕಡೆ ನೋಡುತ್ತಾನೆ, ಆದರೆ ಅದು ನಿಜವಾಗಿ ಇರುವ ಸ್ಥಿತಿಯನ್ನು ಕಾಣುವ ಬದಲು ದಿನವೂ ಇರುವ ಸ್ಥಿತಿಯನ್ನೇ ಕಾಣುತ್ತಾನೆ ಎಂಬುದು ಅವರ ಮುಖ್ಯ ಮಾತುಗಳಲ್ಲಿ ಒಂದು. ಸಾವಿರ ಸಲ ಸರಿಯಾಗಿದ್ದದ್ದು ಸಾವಿರದ ಒಂದನೆಯ ಸಲವೂ ಸರಿಯಾಗಿಯೇ ಕಾಣುತ್ತದೆ. 1993ರಲ್ಲಿ ಜೀನ್ ಮೆಕೆಲ್‌ಹ್ಯಾಟನ್ ಮತ್ತು ಚಾರ್ಲ್ಸ್ ಡ್ರೂ ಎಂಬುವರು, ಪೈಲಟ್‌ಗಳು ತಾವಾಗಿ ಬರೆದುಕೊಟ್ಟ 125 ವರದಿಗಳನ್ನು ಪರಿಶೀಲಿಸಿದರು. ಎಲ್ಲವೂ ಅವಸರದಿಂದ ಆದ ತಪ್ಪುಗಳೇ. ಅವುಗಳಲ್ಲಿ ಹೆಚ್ಚಿನವುಗಳ ಬೇರು ಇದ್ದದ್ದು ಆಕಾಶದಲ್ಲಲ್ಲ, ವಿಮಾನ ಇನ್ನೂ ಗೇಟಿನ ಬಳಿ ನಿಂತಿರುವಾಗ. ಅಲ್ಲಿ ಬಿಟ್ಟ ಒಂದು ಸಾಲು ಮೇಲೆ ಹೋದ ಮೇಲೆ ಕಾಡುತ್ತದೆ.

ಮೇಲೆ ಹೋದ ಮೇಲೆ ಎಂದೆನಲ್ಲ, ಅದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 2018ರ ಸೆಪ್ಟೆಂಬರ್ 20ರಂದು ಮುಂಬಯಿಯಿಂದ ಜೈಪುರಕ್ಕೆ ಹೊರಟ ಆಗಿನ ಜೆಟ್ ಏರ್‌ವೇಸ್ ವಿಮಾನದಲ್ಲಿ, ಎಂಜಿನ್ನಿನಿಂದ ಒಳಕ್ಕೆ ಗಾಳಿ ಕಳಿಸುವ ಸ್ವಿಚ್ಚನ್ನು ಹಾಕಿರಲಿಲ್ಲ. ಏರಿದಂತೆ ಒಳಗಿನ ಗಾಳಿಯ ಒತ್ತಡ ಕುಸಿಯಿತು. ಸುಮಾರು 30 ಮಂದಿಗೆ ಮೂಗಿನಲ್ಲಿ, ಕಿವಿಯಲ್ಲಿ ರಕ್ತ ಬಂತು. ವಿಮಾನ ಮುಂಬಯಿಗೆ ವಾಪಸು ಬಂದದ್ದರಿಂದ ಪ್ರಾಣ ಹೋಗಲಿಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್ಸಿನಿಂದ ಹೊರಟ ಹೀಲಿಯೋಸ್ ವಿಮಾನಕ್ಕೆ ಆ ಅದೃಷ್ಟವಿರಲಿಲ್ಲ. ಒತ್ತಡ ಪರೀಕ್ಷೆ ಮಾಡಿದ ನೆಲದ ಸಿಬ್ಬಂದಿ ಒಂದು ಗುಂಡಿಯನ್ನು ಕೈಚಾಲನೆಯ ಸ್ಥಿತಿಯಲ್ಲೇ ಬಿಟ್ಟಿದ್ದರು. ಹೊರಡುವ ಮುನ್ನ ಎರಡು ಸಲ, ಏರಿದ ಮೇಲೆ ಒಂದು ಸಲ, ಹೀಗೆ ಮೂರು ಸಲ ಅದನ್ನು ಹಿಡಿಯುವ ಅವಕಾಶವಿತ್ತು, ಮೂರೂ ಸಲ ತಪ್ಪಿತು. ಭೋಂಗಾ ಕೂಗಿತು. ಆದರೆ ನೆಲದ ಮೇಲೆ ಬೇರೊಂದು ತಪ್ಪಿಗೆ ಕೂಗುವ ಭೋಂಗಾದ ಧ್ವನಿಯೂ ಅದೇ. ಪೈಲಟ್‌ಗಳು ಅದನ್ನು ಇದೆಂದುಕೊಂಡರು. 121 ಮಂದಿಯೂ ಸತ್ತರು. ಎರಡು ಬೇರೆ ಬೇರೆ ಅಪಾಯಗಳಿಗೆ ಒಂದೇ ಕೂಗು ಇಟ್ಟವರ ಜಾಣತನಕ್ಕೆ ಏನು ಹೇಳುವುದೋ ನನಗೆ ತಿಳಿಯದು.

ಈಗ ಬಿಡದಿಗೆ ಬರುತ್ತೇನೆ.

ಬೆಂಗಳೂರಿನವರು ವಿಮಾನ ಅಪಘಾತ ಎಂದರೆ 1990ರ ಫೆಬ್ರವರಿ 14ನ್ನು ನೆನೆಯುತ್ತಾರೆ. ಎಚ್.ಎ.ಎಲ್. ನಿಲ್ದಾಣದ ಪಕ್ಕದ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಬಿದ್ದು 92 ಮಂದಿ ಸತ್ತರು. ಆದರೆ ಅದು ಇಳಿಯುವಾಗ ಆದದ್ದು. ಬಿಡದಿಯ ಕಥೆ ಬೇರೆ. ಅದು ಪ್ರಯಾಣಿಕರ ವಿಮಾನವೂ ಅಲ್ಲ, ಪರೀಕ್ಷಾ ವಿಮಾನ. ಆದರೂ ಇಂದಿನ ವಿಷಯಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಕರ್ನಾಟಕದಲ್ಲಿ ಇಲ್ಲ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್.ಎ.ಎಲ್., 14 ಆಸನಗಳ ‘ಸರಸ್’ ಎಂಬ ವಿಮಾನವನ್ನು ರೂಪಿಸುತ್ತಿತ್ತು. ಪ್ರೊಪೆಲರ್‌ಗಳು ಹಿಂದೆ ಇದ್ದು ವಿಮಾನವನ್ನು ಮುಂದಕ್ಕೆ ತಳ್ಳುವ ಮಾದರಿ ಅದು. 2009ರ ಮಾರ್ಚ್ 6ರ ಮಧ್ಯಾಹ್ನ ಅದರ ಎರಡನೆಯ ಮಾದರಿ ವಿಮಾನ ಎಚ್.ಎ.ಎಲ್. ನಿಲ್ದಾಣದಿಂದ ಏರಿ ಬಿಡದಿಯ ಕಡೆಗೆ ಬಂತು. ಹಾರುತ್ತಿರುವಾಗಲೇ ಒಂದು ಎಂಜಿನ್ನನ್ನು ಬೇಕೆಂದೇ ಆರಿಸಿ ಮತ್ತೆ ಹೊತ್ತಿಸಿ ನೋಡುವುದು ಅಂದಿನ ಪರೀಕ್ಷೆ. ಪ್ರಯಾಣಿಕರನ್ನು ಕೂರಿಸುವ ಮುನ್ನ ಯಾವ ವಿಮಾನವೂ ಈ ಪರೀಕ್ಷೆ ಗೆಲ್ಲಬೇಕು. ವಾಯುಪಡೆಯ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಪರೀಕ್ಷಾ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ ಒಳಗಿದ್ದರು. ಎಂಜಿನ್ನನ್ನು ಮತ್ತೆ ಹೊತ್ತಿಸುವ ಯತ್ನದಲ್ಲಿ ವಿಮಾನ ಬೇಗ ಬೇಗ ಎತ್ತರ ಕಳೆದುಕೊಂಡು, ಬಿಡದಿ ಸಮೀಪದ ಶೇಷಗಿರಿಹಳ್ಳಿಯ ಬಳಿ ನೆಲಕ್ಕೆ ಅಪ್ಪಳಿಸಿತು. ಮೂವರೂ ತೀರಿಕೊಂಡರು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖಾ ವರದಿ ಮೊದಲು ಬೊಟ್ಟುಮಾಡಿದ್ದು ಪೈಲಟ್‌ಗಳ ಕೈಯನ್ನಲ್ಲ, ಅವರ ಕೈಗೆ ಕೊಟ್ಟ ಕಾಗದವನ್ನು. ಎಂಜಿನ್ನನ್ನು ಮತ್ತೆ ಹೊತ್ತಿಸಲು ವಿಮಾನ ರೂಪಿಸಿದವರು ಬರೆದ ಕ್ರಮವೇ ಸರಿಯಿರಲಿಲ್ಲ, ಅದನ್ನು ಸಾಕಷ್ಟು ಎತ್ತರವಿಲ್ಲದಲ್ಲಿ ಅನುಸರಿಸಲಾಯಿತು ಎಂದಿತು ವರದಿ. ಆ ಕ್ರಮವನ್ನು ಬರೆಯುವಾಗ ಪ್ರೊಪೆಲರ್ ತಯಾರಿಸಿದ ಕಂಪನಿಯನ್ನು ಕೇಳಿರಲಿಲ್ಲ ಎಂಬುದೂ ಅದರಲ್ಲಿದೆ. ಮೊದಲ ಯತ್ನ ಫಲಿಸದಿದ್ದಾಗ ನೆಲದ ಮೇಲಿನ ತಂಡದ ಜೊತೆ ಮಾತಾಡಿ ಹಾರಾಟವನ್ನು ಅಲ್ಲಿಗೇ ನಿಲ್ಲಿಸಲಿಲ್ಲ, ಸಿಬ್ಬಂದಿಯ ನಡುವೆ ಹೊಂದಾಣಿಕೆ ಸಾಲದಾಯಿತು ಎಂಬ ಮಾತುಗಳೂ ಇವೆ.

ಪ್ರೊಪೆಲರ್ ಕಂಪನಿಯನ್ನು ಕೇಳಬೇಕಿತ್ತು ಎಂಬುದು ಕಾಗದದ ಔಪಚಾರಿಕತೆಯಲ್ಲ. ಎಂಜಿನ್ ಆರಿಸಿದಾಗ ಪ್ರೊಪೆಲರಿನ ಅಲಗುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿಡುತ್ತಾರೆ, ಆಗ ಅವು ಗಾಳಿಯನ್ನು ತಡೆಯುವುದಿಲ್ಲ. ಎಂಜಿನ್ನಿಗೆ ಬಲ ಬರುವ ಮೊದಲೇ ಆ ಅಲಗುಗಳು ಅಗಲವಾಗಿ ಗಾಳಿಗೆ ಎದುರಾದರೆ, ತಳ್ಳಬೇಕಾದ ಪ್ರೊಪೆಲರೇ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮದಲ್ಲಿ ಪ್ರಾಣವಿದೆ.

ಎತ್ತರದ ವಿಷಯವೂ ಹಾಗೆಯೇ. ವಿಮಾನ ನಡೆಸುವವರಿಗೆ ಎತ್ತರ ಎಂದರೆ ಸಮಯ. ಕೆಳಗೆ ಸಾವಿರಾರು ಅಡಿ ಖಾಲಿ ಇದ್ದರೆ ಯೋಚಿಸುವುದಕ್ಕೆ ಅಷ್ಟು ಗಳಿಗೆ ಕೈಯಲ್ಲಿವೆ ಎಂದು ಅರ್ಥ. ಮಾಪಕ ಸಮುದ್ರಮಟ್ಟದಿಂದ ಇರುವ ಎತ್ತರವನ್ನು ತೋರಿಸುತ್ತಿದ್ದರೆ ಇನ್ನೊಂದು ಲೆಕ್ಕವನ್ನೂ ಮಾಡಬೇಕು. ನಮ್ಮ ರಾಮನಗರ, ಬಿಡದಿಯ ಸೀಮೆಯ ನೆಲವೇ ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಅಡಿಗೂ ಮೇಲಿದೆ. ಅಷ್ಟನ್ನು ಕಳೆದು ಉಳಿದದ್ದೇ ನಿಜವಾದ ಬಂಡವಾಳ. ಬಿಡದಿಯ ಮೇಲೆ ಆ ಬಂಡವಾಳ ಸಾಲದೆ ಹೋಯಿತು. ನೆಮ್ಮದಿಯಾಗಿ ಮೇಜಿನ ಮುಂದೆ ಕೂತು, ಬೇಕಾದವರನ್ನು ಕೇಳಿ ಪಟ್ಟಿ ಬರೆಯುವ ಅವಕಾಶ ಇರುವುದು ನೆಲದ ಮೇಲಿನವರಿಗೆ. ಅವರು ಅಲ್ಲಿ ಬಿಟ್ಟದ್ದನ್ನು ಮೇಲಿರುವವರು ಬೀಳುವ ಗಳಿಗೆಗಳಲ್ಲಿ ತುಂಬಿಕೊಡಬೇಕೆಂದು ಕೇಳುವುದು ಯಾವ ನ್ಯಾಯ?

ಪೈಲಟ್ ಎಚ್ಚರ ತಪ್ಪಿದ ಎಂದು ಹೇಳಿ ಮುಗಿಸುವುದು ಸುಲಭ. ಅವಸರದಿಂದಲೇ ಎಲ್ಲವೂ ಆಗುತ್ತದೆ ಎನ್ನುವುದೂ ಅಷ್ಟೇ ಅರ್ಧಸತ್ಯ. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಖಾಸಗಿ ಜೆಟ್ ವಿಮಾನ ರನ್‌ವೇ ಮೀರಿ ಹೋಗಿ ಉರಿದು ಏಳು ಮಂದಿ ಸತ್ತರು. ಕಾರಣ, ಗಾಳಿಗೆಂದು ಹಾಕಿದ ಬೀಗ ತೆಗೆದಿರಲಿಲ್ಲ. 1935ರ ಅದೇ ಮರೆವು, 79 ವರ್ಷಗಳ ಆಮೇಲೆ! ಹಾರಾಟದ ದಾಖಲೆ ಪೆಟ್ಟಿಗೆಯನ್ನು ತೆರೆದು ನೋಡಿದರೆ, ಅದಕ್ಕೆ ಹಿಂದಿನ 175 ಹಾರಾಟಗಳಲ್ಲಿ ನಿಯಂತ್ರಣಗಳನ್ನು ಪೂರ್ತಿಯಾಗಿ ಆಡಿಸಿ ನೋಡಿದ್ದು ಎರಡೇ ಸಲ. ತಡವಾದ ಒಂದು ದಿನ ಬಿಟ್ಟ ಸಾಲು, ಏನೂ ಆಗಲಿಲ್ಲವಾದ್ದರಿಂದ ತಡವಿಲ್ಲದ ದಿನವೂ ಬಿಟ್ಟುಹೋಗುವ ಸಾಲಾಗಬಹುದು. ಅವಸರ ಅಭ್ಯಾಸವಾಗುವುದು ಹೀಗೆ ಎಂದು ನನಗೆ ತೋರುತ್ತದೆ.

ಹಾಗಾದರೆ ಅವಸರ ಎಲ್ಲಿಂದ ಬರುತ್ತದೆ? ಹೆಚ್ಚಿನದು ಕಾಕ್‌ಪಿಟ್‌ನ ಹೊರಗಿನಿಂದ. ಕಡಿಮೆ ದರದ ವಿಮಾನ ಬಂದು ನಿಂತು, ಜನ ಇಳಿದು, ಸ್ವಚ್ಛಮಾಡಿ, ಹೊಸಬರು ಹತ್ತಿ ಮತ್ತೆ ಹೊರಡಲು ಅರ್ಧ ಗಂಟೆಯಷ್ಟೇ ಕೊಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿಯ ಮಂಜು ಬೆಳಗಿನ ವಿಮಾನಗಳನ್ನು ತಡೆಹಿಡಿದರೆ ಆ ತಡ ಸಂಜೆಯವರೆಗೂ ಹಿಂಬಾಲಿಸುತ್ತದೆ. ಪೈಲಟ್‌ಗಳ ಕೆಲಸದ ಗಂಟೆಗಳಿಗೆ ಮಿತಿ ಇದೆ. ಅದು ಮೀರಿದರೆ ವಿಮಾನ ಹೊರಡುವಂತಿಲ್ಲ. ಸಂಸ್ಥೆಗಳು ತಮ್ಮ ಸಮಯಪಾಲನೆಯನ್ನು ಜಾಹೀರಾತಿನಲ್ಲಿ ಹೇಳಿಕೊಳ್ಳುತ್ತವೆ. ಇವೆಲ್ಲದರ ಭಾರ ಕೊನೆಗೆ ಆ ಪಟ್ಟಿ ಓದುವ ಒಂದೆರಡು ನಿಮಿಷದ ಮೇಲೆ ಬೀಳುತ್ತದೆ. ಮಂಜನ್ನು ಚಿಕ್ಕದು ಮಾಡಲಾಗದು, ರನ್‌ವೇಯ ಸಾಲನ್ನು ಚಿಕ್ಕದು ಮಾಡಲಾಗದು. ಪೈಲಟ್ ಕೈಯಲ್ಲಿ ಚಿಕ್ಕದು ಮಾಡಲು ಸಿಗುವುದು ಪಟ್ಟಿ ಒಂದೇ.

ರೇಷ್ಮೆ ಬೆಳೆಯುವ ನಿಮಗೆ ನಿಜವಾದ ಗಡುವು ಎಂದರೇನು ಎಂದು ನಾನು ಹೇಳಬೇಕಾಗಿಲ್ಲ. ಚಿಟ್ಟೆ ಗೂಡನ್ನು ಕೊರೆದು ಹೊರಬರುವ ಮೊದಲು ಗೂಡು ರಾಮನಗರದ ಮಾರುಕಟ್ಟೆ ಮುಟ್ಟಿ ಹರಾಜಾಗಬೇಕು. ಅದು ಪ್ರಕೃತಿ ಹಾಕಿದ ಗಡುವು, ಯಾರನ್ನು ಬೇಡಿಕೊಂಡರೂ ಒಂದು ದಿನ ಮುಂದಕ್ಕೆ ಹೋಗದು. ವಿಮಾನ ಹೊರಡುವ ಹೊತ್ತು ಅಂಥದ್ದಲ್ಲ. ಅದನ್ನು ಮನುಷ್ಯರು ಹಾಕಿದ್ದು, ನಿಯಂತ್ರಣ ಗೋಪುರದವರು ಇನ್ನೊಂದು ಹೊತ್ತನ್ನು ಕೊಡಬಲ್ಲರು. ನಮ್ಮ ಸ್ಟುಡಿಯೋದಲ್ಲೂ ಸೆಕೆಂಡಿನ ಮುಳ್ಳೇ ಯಜಮಾನ. ಆದರೂ ಏನಾದರೂ ಕೈಕೊಟ್ಟರೆ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ ಹಾಕಿ ಸುಧಾರಿಸಿಕೊಳ್ಳುತ್ತೇವೆ, ನೀವೂ ಎಷ್ಟೋ ಸಲ ನೋಡಿ ಬೈದುಕೊಂಡಿದ್ದೀರಿ. ಪೈಲಟ್‌ಗೂ ಅಂಥ ಫಲಕ ಇದೆ. ವಿಮಾನವನ್ನು ಪಕ್ಕಕ್ಕೆ ನಿಲ್ಲಿಸಿ, ನಾವಿನ್ನೂ ಸಿದ್ಧವಿಲ್ಲ ಎಂದು ರೇಡಿಯೋದಲ್ಲಿ ಒಂದು ಮಾತು ಹೇಳಿದರೆ ಸಾಕು. ಅದನ್ನು ಹಾಕಿದ ಪೈಲಟ್‌ನನ್ನು ಸಂಸ್ಥೆ ಯಾಕೆ ಎಂದು ಕೇಳಬಾರದು ಎನ್ನುವುದು ನನ್ನ ಅಭಿಪ್ರಾಯ.

ಪಟ್ಟಿ ಓದುವ ರೀತಿಗೂ ಈಗ ಕೆಲವು ಕಟ್ಟುಪಾಡುಗಳು ಬಂದಿವೆ. ಓದುವಾಗ ನಡುವೆ ಯಾರಾದರೂ ಮಾತಾಡಿಸಿದರೆ ಬಿಟ್ಟಲ್ಲಿಂದ ಮುಂದುವರಿಸಬೇಡಿ, ಎಲ್ಲಿ ಬಿಟ್ಟೆವೆಂಬ ಅನುಮಾನವಿದ್ದರೆ ಮೊದಲ ಸಾಲಿಗೇ ಹೋಗಿ ಎಂದು ಕಲಿಸುತ್ತಾರೆ. ಹತ್ತು ಸಾವಿರ ಅಡಿಯ ಕೆಳಗೆ ಕೆಲಸಕ್ಕೆ ಸಂಬಂಧಿಸದ ಮಾತು ಬೇಡ ಎಂಬ ನಿಯಮವನ್ನು ಅಮೆರಿಕದಲ್ಲಿ 1981ರಲ್ಲೇ ತಂದರು. ಹೊಸ ವಿಮಾನಗಳಲ್ಲಿ ಪಟ್ಟಿ ಪರದೆಯ ಮೇಲೆ ಬರುತ್ತದೆ. ಹಲವು ಸಾಲುಗಳನ್ನು ಯಂತ್ರವೇ ತಾಳೆನೋಡಿ, ಆಗಿದ್ದರೆ ಹಸಿರು ಬಣ್ಣಕ್ಕೆ ತಿರುಗಿಸುತ್ತದೆ. ಆದರೆ ಆ ಬಣ್ಣವನ್ನು ನೋಡಬೇಕಾದ್ದು ಕಣ್ಣೇ.

ಮುಂದಿನ ಸಲ ನೀವು ದೇವನಹಳ್ಳಿಯಲ್ಲಿ ಸೀಟಿನ ಬೆಲ್ಟು ಕಟ್ಟಿಕೊಂಡು ಕುಳಿತಾಗ, ಬಾಗಿಲು ಹಾಕಿಯೂ ವಿಮಾನ ಅಲುಗದಿದ್ದರೆ, ಗಗನಸಖಿಯನ್ನು ಕರೆದು ಗದರಬೇಡಿ. ಆ ದೂರು ಹೇಗೋ ಮುಂದಿನ ಬಾಗಿಲನ್ನು ದಾಟುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ, ನಿಗದಿಯಾದ ಹೊತ್ತಿನಿಂದ 15 ನಿಮಿಷದೊಳಗೆ ಹೊರಟ ವಿಮಾನ ಸಮಯಕ್ಕೆ ಸರಿಯಾಗಿ ಹೊರಟಂತೆಯೇ. ನಡುವೆ ತುಂಡಾದ ಪಟ್ಟಿಯನ್ನು ಮೊದಲ ಸಾಲಿನಿಂದ ಮತ್ತೆ ಓದಲು ಎರಡು ನಿಮಿಷವೂ ಬೇಕಾಗುವುದಿಲ್ಲ.